ಬೈಪಾಸ್ ಆದವರಿಗೆ ಸ್ಟೆಂಟ್: ಹಳೆ ಗ್ರಾಫ್ಟ್‌ನಲ್ಲಿ ನಾನು ಕೆಲಸ ಮಾಡುವ ಕ್ರಮ

ಬೈಪಾಸ್ ಆಗಿ ಹತ್ತು ಹನ್ನೆರಡು ವರ್ಷವಾದವರು ಮತ್ತೆ ಎದೆನೋವು ಎಂದು ಬಂದರೆ ನಾನು ಮೊದಲು ಕೇಳುವುದು ಆಪರೇಷನ್ ನೋಟ್ಸ್. ಗ್ರಾಫ್ಟ್ (ಬ್ಲಾಕ್ ದಾಟಿಸಲು ಜೋಡಿಸಿದ ರಕ್ತನಾಳ) ಎಷ್ಟು, ಯಾವುದು ಎಲ್ಲಿಗೆ ಹೋಗಿದೆ, ಒಂದೇ ವೇನನ್ನು (ಕಾಲಿನಿಂದ ತೆಗೆದ ಸಿರೆ) ಎರಡು ಕಡೆ ಜೋಡಿಸಿದ್ದಾರೆಯೇ ಎಂಬುದು ಅದರಲ್ಲಿರುತ್ತದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೀ ‘ಮೂರು ಗ್ರಾಫ್ಟ್’ ಎಂದು ಬರೆದುಕೊಟ್ಟಿದ್ದರೆ ಏನೂ ಉಪಯೋಗವಿಲ್ಲ. ಕಾಗದ ಸಿಗದಿದ್ದರೆ, ಕಿಡ್ನಿ ಸರಿಯಿದ್ದವರಿಗೆ ಮೊದಲು ಸಿಟಿ ಆಂಜಿಯೋ ಮಾಡಿಸುತ್ತೇನೆ. ಮಹಾಪಧಮನಿ ಅಯೋರ್ಟಾದ ಉದ್ದಕ್ಕೂ ಕ್ಯಾಥೆಟರ್ (ತೆಳು ಕೊಳವೆ) ಆಡಿಸಿ ಗ್ರಾಫ್ಟ್ ಹುಡುಕುವುದರಲ್ಲೇ ಡೈ, ಸಮಯ ಎರಡೂ ಖರ್ಚಾಗುತ್ತವೆ.

ಎಡ ಮಣಿಕಟ್ಟಿನಿಂದ ಹೋಗುವುದು ನನಗೆ ಇಷ್ಟ, ಲೀಮಾ (ಎದೆಗೋಡೆಯ ಎಡ ರಕ್ತನಾಳದಿಂದ ಮಾಡಿದ ಗ್ರಾಫ್ಟ್) ಆ ಕಡೆಯೇ ಹತ್ತಿರ. ಅದಕ್ಕೂ ಮುಂಚೆ ಮುಂಗೈ ನೋಡಬೇಕು: ಉದ್ದ ಗಾಯದ ಗುರುತಿದ್ದರೆ ರೇಡಿಯಲ್ ರಕ್ತನಾಳವನ್ನು ಗ್ರಾಫ್ಟ್‌ಗೆಂದು ತೆಗೆದಿದ್ದಾರೆ ಎಂದರ್ಥ. ಎರಡೂ ಕೈಯಲ್ಲಿ ಬಿಪಿ ನೋಡಿಬಿಡಿ. ಎಡಗೈಯಲ್ಲಿ ತೀರ ಕಡಿಮೆಯಿದ್ದರೆ ತೊಂದರೆ ಕೈಗೆ ರಕ್ತ ಒಯ್ಯುವ, ಲೀಮಾ ಹುಟ್ಟುವ ಸಬ್‌ಕ್ಲೇವಿಯನ್‌ನಲ್ಲಿರಬಹುದು. ಆಗ ಲೀಮಾ ಚೆನ್ನಾಗಿದ್ದರೂ ಎದೆನೋವು ಬರುತ್ತದೆ. ಬಲಗಡೆಯ ಗ್ರಾಫ್ಟ್‌ಗೆ ಮಲ್ಟಿಪರ್ಪಸ್ ಕ್ಯಾಥೆಟರ್, ಎಡಗಡೆಯವಕ್ಕೆ ಜೆಆರ್ 4 ಅಥವಾ ಎಎಲ್ 1 (ತುದಿಯ ಬಾಗು ಬೇರೆ ಬೇರೆಯಿರುವ ಕ್ಯಾಥೆಟರ್‌ಗಳು). ಎಡಗಡೆಯವುಗಳಲ್ಲಿ ಸಾಮಾನ್ಯವಾಗಿ ಹೃದಯದ ಮುಂಭಾಗದ ಮುಖ್ಯ ರಕ್ತನಾಳವಾದ ಎಲ್‌ಎಡಿಯದ್ದು ಕೆಳಗೆ, ಅದರ ಕವಲು ಡಯಾಗೋನಲ್‌ದು ಅದರ ಮೇಲೆ, ಹೃದಯದ ಪಕ್ಕದ ರಕ್ತನಾಳ ಸರ್ಕಮ್‌ಫ್ಲೆಕ್ಸ್‌ದು ಎಲ್ಲಕ್ಕಿಂತ ಮೇಲೆ.

ವೇನ್ ಗ್ರಾಫ್ಟ್‌ಗಳಲ್ಲಿ ಸುಮಾರು ಅರ್ಧದಷ್ಟು 10 ವರ್ಷದೊಳಗೆ ಮುಚ್ಚುತ್ತವೆ ಇಲ್ಲವೇ ಕೆಡುತ್ತವೆ. ಆದ್ದರಿಂದ ಮೊದಲ ಪ್ರಶ್ನೆ: ಆ ಜಾಗಕ್ಕೆ ರಕ್ತ ಕೊಡುವ ಮೂಲ ರಕ್ತನಾಳವನ್ನೇ ತೆರೆಯಬಹುದೇ? ಆಗುವಂತಿದ್ದರೆ ಅದನ್ನೇ ಮಾಡುತ್ತೇನೆ. ಪೂರ್ತಿ ಮುಚ್ಚಿ ಬಹಳ ದಿನವಾದ ವೇನನ್ನು ಬಿಡಿಸಲು ನಾನು ಕೈ ಹಾಕುವುದಿಲ್ಲ, ತೆರೆದರೂ ಉಳಿಯುವುದು ಕಡಿಮೆ.

ವೇನಿನಲ್ಲೇ ಸ್ಟೆಂಟ್ ಹಾಕಬೇಕಾಗಿ ಬಂದಾಗ ಭಯ ಬ್ಲಾಕಿನದ್ದಲ್ಲ, ಅದರೊಳಗಿನ ಸರಕಿನದ್ದು. ಹಳೆ ವೇನಿನ ಕೊಬ್ಬು ಗಂಜಿಯ ಹಾಗೆ ಮೆತ್ತಗೆ, ಬಲೂನ್ ಒತ್ತಿದರೆ ಕೆಳಕ್ಕೆ ಹರಿದು ಸಣ್ಣ ನಾಳಗಳನ್ನು ಕಟ್ಟಿಬಿಡುತ್ತದೆ. ಇದೇ ನೋ-ರಿಫ್ಲೋ. ಬ್ಲಾಕಿನಾಚೆ 2.5ರಿಂದ 3 ಸೆಂ.ಮೀ. ಚೆನ್ನಾದ ವೇನ್ ಇದ್ದರೆ ಫಿಲ್ಟರ್ (ಹರಿದುಬರುವ ಸರಕು ಹಿಡಿಯುವ ಸಣ್ಣ ಬುಟ್ಟಿ) ಇಡುತ್ತೇನೆ. ಬ್ಲಾಕ್ ತೀರ ಕೆಳಗೆ, ಮೂಲ ರಕ್ತನಾಳಕ್ಕೆ ಸೇರುವ ಹೊಲಿಗೆಯ ಹತ್ತಿರವಿದ್ದರೆ ಜಾಗ ಸಾಲುವುದಿಲ್ಲ. 2002ರಲ್ಲಿ ಪ್ರಕಟವಾದ ಸೇಫರ್ ಅಧ್ಯಯನದಲ್ಲಿ ಇಂಥ ರಕ್ಷಣೆ ಬಳಸಿದಾಗ 30 ದಿನದೊಳಗಿನ ಅವಘಡಗಳು ಶೇ. 16.5ರಿಂದ 9.6ಕ್ಕೆ ಇಳಿದವು. ಅಲ್ಲಿ ಬಳಸಿದ್ದು ಫಿಲ್ಟರ್ ಅಲ್ಲ, ಬಲೂನಿನಿಂದ ತಡೆಹಿಡಿಯುವ ಸಾಧನ.

ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೆಜಿಗೆ 70ರಿಂದ 100 ಯೂನಿಟ್ ಕೊಟ್ಟು, ಎಸಿಟಿ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ) 250 ಸೆಕೆಂಡ್ ದಾಟಿದ ಮೇಲೆಯೇ ವೈರ್. ಸಾಧ್ಯವಾದಷ್ಟು ಮುಂಚೆ ಬಲೂನ್ ಉಬ್ಬಿಸದೆ ನೇರ ಸ್ಟೆಂಟ್. ವೇನಿನ ಅಗಲಕ್ಕಿಂತ ತುಸು ಸಣ್ಣ, ಎರಡೂ ತುದಿಯ ಕೊಬ್ಬು ಮುಚ್ಚುವಷ್ಟು ಉದ್ದದ ಸ್ಟೆಂಟ್ ಆರಿಸುತ್ತೇನೆ. ಒಳಗಡೆ ಶೇ. 10–15 ಬ್ಲಾಕ್ ಉಳಿದರೆ ಉಳಿಯಲಿ, ಚಿತ್ರ ಚೆಂದ ಕಾಣಲೆಂದು ಹೈ ಪ್ರೆಷರ್ ಬಲೂನ್ ಒತ್ತಿದರೆ ಸರಕೆಲ್ಲ ಕೆಳಗಿಳಿಯುತ್ತದೆ.

ನೋ-ರಿಫ್ಲೋಗೆ ಬೇಕಾದ ಔಷಧಿ, ಬಲೂನ್ ಉಬ್ಬಿಸುವ ಮೊದಲೇ ಟೇಬಲ್ ಮೇಲೆ ತಯಾರಿರಬೇಕು. ಸಣ್ಣ ನಾಳ ಹಿಗ್ಗಿಸುವ ಅಡಿನೋಸಿನ್ 6 ಮಿ.ಗ್ರಾಂ.ನ ವಯಲನ್ನು ಸಲೈನ್ ಸೇರಿಸಿ 100 ಮಿ.ಲೀ. ಮಾಡಿದರೆ ಮಿ.ಲೀ.ಗೆ 60 ಮೈಕ್ರೋಗ್ರಾಂ, 2 ಮಿ.ಲೀ. ಒಂದು ಡೋಸ್. ಹರಿವು ಬರುವವರೆಗೆ ಮತ್ತೆ ಮತ್ತೆ ಕೊಡಬಹುದು. ಗೈಡ್‌ನಿಂದ (ಗ್ರಾಫ್ಟ್ ಬಾಯಲ್ಲಿ ನಿಲ್ಲಿಸುವ ಕ್ಯಾಥೆಟರ್) ಕೊಟ್ಟದ್ದು ಅಯೋರ್ಟಾಗೆ ವಾಪಸಾಗಬಹುದು, ಮೈಕ್ರೋಕ್ಯಾಥೆಟರ್‌ನಲ್ಲಿ ಕೆಳಗೇ ಬಿಡುವುದು ಮೇಲು. ನೈಟ್ರೋಗ್ಲಿಸರಿನ್‌ನಿಂದ ಸಣ್ಣ ನಾಳಗಳ ಮಟ್ಟದಲ್ಲಿ ದೊಡ್ಡ ಪ್ರಯೋಜನವಿಲ್ಲ.

ಒಂದು ಮೋಸವಿದೆ. ಫಿಲ್ಟರ್ ತುಂಬಿಕೊಂಡರೂ ಹರಿವು ನಿಂತು, ನೋ-ರಿಫ್ಲೋ ಥರವೇ ಕಾಣುತ್ತದೆ. ಆಗ ಆಸ್ಪಿರೇಷನ್ ಕ್ಯಾಥೆಟರ್ ಇಳಿಸಿ ಫಿಲ್ಟರ್ ಮೇಲೆ ನಿಂತ ರಕ್ತವನ್ನು ಎಳೆದು, ನಂತರ ಫಿಲ್ಟರ್ ತೆಗೆಯಬೇಕು. ತುಂಬಿದ ಬುಟ್ಟಿಯನ್ನು ಪೂರ್ತಿ ಮಡಚಿದರೆ ಒಳಗಿನದು ಹಿಂಡಿ ಹೊರಬರುತ್ತದೆ. ಭಾಗಶಃ ಮಡಚಿ ನಿಧಾನಕ್ಕೆ ಎಳೆಯುತ್ತೇನೆ.

ಲೀಮಾ ಬೇರೆಯದೇ ವಿಷಯ. ಅದರಲ್ಲಿ ಕೊಬ್ಬು ಕೂರುವುದು ಅಪರೂಪ, ತೊಂದರೆ ಹೆಚ್ಚಾಗಿ ಎಲ್‌ಎಡಿಗೆ ಸೇರುವ ಹೊಲಿಗೆಯಲ್ಲಿ. ಲೀಮಾದ ಬಾಯಿ ಬೇಗ ಸೀಳುತ್ತದೆ, ಕ್ಯಾಥೆಟರ್ ಆಳಕ್ಕೆ ತಳ್ಳಬಾರದು. ಡೊಂಕಾದ ಲೀಮಾದಲ್ಲಿ ವೈರ್ ಹೋದ ಕೂಡಲೇ ಹೊಸ ಬ್ಲಾಕ್‌ಗಳು ಕಂಡರೆ ಸ್ಟೆಂಟ್‌ಗೆ ಆತುರಪಡಬೇಡಿ. ಮೆತ್ತನೆ ತುದಿ ಮಾತ್ರ ಉಳಿಯುವಷ್ಟು ವೈರ್ ಹಿಂದಕ್ಕೆಳೆದು ನೋಡಿ, ಬಹುಪಾಲು ಮಾಯವಾಗುತ್ತವೆ. ಕೆಲವೊಮ್ಮೆ ಬಲೂನಿನ ಶಾಫ್ಟ್ ಉದ್ದವೇ ಸಾಲದು, 90 ಸೆಂ.ಮೀ.ನ ಗಿಡ್ಡ ಗೈಡ್ ಇಟ್ಟುಕೊಂಡಿರಬೇಕು.

ಇನ್ನು ನಾಳದಲ್ಲಿ ರಂಧ್ರವಾದರೆ. ಆಪರೇಷನ್ ಆಗಿ ಹೃದಯದ ಹೊದಿಕೆ ಪೆರಿಕಾರ್ಡಿಯಂ ಅಂಟಿಕೊಂಡಿದೆ, ಟ್ಯಾಂಪೊನೇಡ್ (ರಕ್ತ ತುಂಬಿ ಹೃದಯವನ್ನು ಒತ್ತುವುದು) ಆಗುವುದಿಲ್ಲ ಎನ್ನುವವರಿದ್ದಾರೆ. ಆಗುತ್ತದೆ, ಅದೂ ಒಂದೇ ಮೂಲೆಯಲ್ಲಿ. ರಕ್ತ ಲೆಫ್ಟ್ ಏಟ್ರಿಯಂ (ಹೃದಯದ ಎಡ ಮೇಲ್ಕೋಣೆ) ಹಿಂದೆ ನಿಂತು ಒತ್ತಿದರೆ ಮುಂದಿನಿಂದ ಸೂಜಿಗೆ ಸಿಗುವುದಿಲ್ಲ. ಬಿಪಿ ಕುಸಿದಿದ್ದು ಮಾಮೂಲಿ ಎಕೋದಲ್ಲಿ ಏನೂ ಕಾಣದಿದ್ದರೆ ಟಿಇಇ (ಅನ್ನನಾಳದೊಳಗಿಂದ ಮಾಡುವ ಎಕೋ) ಅಥವಾ ಸಿಟಿ ಬೇಕು. ಅದಕ್ಕೇ ಸಣ್ಣ ಸೋರಿಕೆ ಕಂಡರೂ ತಕ್ಷಣ ಬಲೂನ್ ಉಬ್ಬಿಸಿ ತಡೆದು, ಕವರ್ಡ್ ಸ್ಟೆಂಟ್ (ಹೊದಿಕೆಯಿರುವ ಸ್ಟೆಂಟ್) ಅಥವಾ ಕಾಯಿಲ್ (ನಾಳ ಮುಚ್ಚುವ ಸುರುಳಿ) ತರಿಸಿ, ಸರ್ಜನ್‌ಗೆ ಫೋನ್ ಮಾಡಿಸುತ್ತೇನೆ.