ಮನೆಯಲ್ಲಿ ಬಿ.ಪಿ. ನೋಡುವುದು: ಮಷೀನಿಗಿಂತ ಕೂರುವ ರೀತಿ ಮುಖ್ಯ

ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಹಾಕಿ, ಬೆವರು ಒರೆಸಿಕೊಂಡು, ಒಂದು ಸ್ಟ್ರಾಂಗ್ ಕಾಫಿ ಕುಡಿದು, ಅಲ್ಲೇ ಯಾರೋ ಮೇಜು ಹಾಕಿಕೊಂಡು ಪುಕ್ಕಟೆ ಬಿ.ಪಿ. ನೋಡುತ್ತಿದ್ದರೆ ತೋಳು ಚಾಚಿಬಿಡುವವರು ನಮ್ಮ ಮೈಸೂರಿನಲ್ಲಿ ಕಡಿಮೆ ಇಲ್ಲ. ಮೇಲಿನದು 158 ಬಂದರೆ ಮನೆ ಮಂದಿಗೆಲ್ಲ ಗಾಬರಿ. ಸಂಜೆ ಮನೆಯಲ್ಲಿ ಸಮಾಧಾನವಾಗಿ ಕೂತು ನೋಡಿದರೆ 134. ಮಷೀನು ಸರಿಯಿಲ್ಲ ಅಂತ ಬೈಯುತ್ತಾರೆ. ಮಷೀನು ಎರಡು ಸಲವೂ ಸರಿಯಾಗಿಯೇ ಹೇಳಿರಬಹುದು. ನಡೆದು ಬಂದ ತಕ್ಷಣ, ಕಾಫಿ ಕುಡಿದ ಮೇಲೆ, ನಿಂತುಕೊಂಡು, ಮಾತಾಡುತ್ತಾ ನೋಡಿದರೆ ಯಾರದ್ದಾದರೂ ಏರುತ್ತದೆ. ಆ ಅಂಕಿ ಹಿಡಿದು ಮಾತ್ರೆ ಶುರು ಮಾಡುವುದೂ ತಪ್ಪು, ಇನ್ನೊಂದು ದಿನ 118 ಬಂತು ಅಂತ ಮಾತ್ರೆ ಬಿಡುವುದೂ ತಪ್ಪು.

ಮೊದಲು ಮಷೀನಿನ ವಿಷಯ. ತೋಳಿಗೆ ಪಟ್ಟಿ ಕಟ್ಟುವ ಡಿಜಿಟಲ್ ಮಷೀನು ಸಾಕು. ಮಣಿಕಟ್ಟಿಗೆ ಕಟ್ಟುವುದು ನೋಡಲು ಚೆಂದ, ಆದರೆ ಕೈ ಸ್ವಲ್ಪ ಕೆಳಗಿದ್ದರೂ ಮೇಲಿದ್ದರೂ ಲೆಕ್ಕ ತಪ್ಪುತ್ತದೆ. ಬೆರಳಿಗೆ ಹಾಕುವುದು, ವಾಚಿನಲ್ಲಿ ಬರುವುದು ಇವನ್ನು ನಂಬಿ ಔಷಧ ನಿರ್ಧಾರ ಮಾಡಬೇಡಿ. ಕೊಳ್ಳುವಾಗ ಬಾಕ್ಸಿನ ಮೇಲೆ ‘ಕ್ಲಿನಿಕಲಿ ವ್ಯಾಲಿಡೇಟೆಡ್’ ಅಂತ ಇದೆಯಾ ನೋಡಿ. ಬ್ಲೂಟೂತ್, ಮಾತಾಡುವ ದನಿ, ಬಣ್ಣಬಣ್ಣದ ಸ್ಕ್ರೀನು ಇವೆಲ್ಲ ಇಲ್ಲದಿದ್ದರೂ ನಷ್ಟವಿಲ್ಲ. ಹಿಂದಿನ ರೀಡಿಂಗ್ ನೆನಪಿಟ್ಟುಕೊಳ್ಳುವ ಮೆಮೊರಿ ಇದ್ದರೆ ಒಳ್ಳೆಯದು, ಅಷ್ಟೇ.

ಪಟ್ಟಿಯ ಸೈಜ್ ಬಗ್ಗೆ ಮೆಡಿಕಲ್ ಸ್ಟೋರಿನಲ್ಲಿ ಯಾರೂ ಕೇಳುವುದಿಲ್ಲ, ನೀವೇ ಕೇಳಬೇಕು. ಮಷೀನಿನ ಜೊತೆ ಬರುವ ಪಟ್ಟಿ ಸಾಮಾನ್ಯವಾಗಿ 22ರಿಂದ 32 ಸೆಂಟಿಮೀಟರ್ ತೋಳಿಗೆ ಆಗುವಂಥದ್ದು. ಕೆಲವದರಲ್ಲಿ 22ರಿಂದ 42ರವರೆಗಿನದು ಬರುತ್ತದೆ. ಟೈಲರ್ ಟೇಪು ತೆಗೆದುಕೊಂಡು ಭುಜದ ಮೂಳೆಗೂ ಮೊಣಕೈಗೂ ಸರಿಯಾಗಿ ನಡುವೆ ತೋಳಿನ ಸುತ್ತಳತೆ ನೋಡಿಕೊಂಡೇ ಅಂಗಡಿಗೆ ಹೋಗಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿ.ಪಿ. ಕಾಣಿಸುತ್ತದೆ. ತೀರಾ ಚಿಕ್ಕದಾದರೆ ಮೇಲಿನ ಅಂಕಿ 20ರಷ್ಟು ಹೆಚ್ಚು ತೋರಿಸಿದರೂ ಆಶ್ಚರ್ಯವಿಲ್ಲ. ಅಂದರೆ ಏನೂ ಇಲ್ಲದವರು ಸುಮ್ನೆ ಬಿ.ಪಿ. ಪೇಷಂಟ್ ಆಗಿಬಿಡುತ್ತಾರೆ. ಸಣಕಲು ತೋಳಿಗೆ ದೊಡ್ಡ ಪಟ್ಟಿ ಕಟ್ಟಿದರೆ ಇದರ ಉಲ್ಟಾ, ಇರುವುದೇ ಕಾಣುವುದಿಲ್ಲ. ವಯಸ್ಸಾದ ಅಜ್ಜಿಯರ ವಿಷಯದಲ್ಲಿ ಇದನ್ನು ಮರೆಯಬೇಡಿ.

ಈಗ ಕೂರುವುದು. ಪೂರ್ತಿ ಆಟ ಇರುವುದೇ ಇಲ್ಲಿ.

ಬೆನ್ನು ಒರಗಲು ಜಾಗವಿರುವ ಕುರ್ಚಿ ಬೇಕು. ಹಾಸಿಗೆಯ ಅಂಚು, ಸ್ಟೂಲು, ಜಗಲಿ ಕಟ್ಟೆ, ಚಕ್ಕಂಬಕ್ಕಳ ಹಾಕಿಕೊಂಡು ನೆಲದ ಮೇಲೆ ಕೂರುವುದು ಇವು ಬೇಡ. ಎರಡೂ ಪಾದ ನೆಲಕ್ಕೆ ಸಮನಾಗಿ ಊರಿರಬೇಕು, ಕಾಲ ಮೇಲೆ ಕಾಲು ಹಾಕಬಾರದು. ತೋಳು ಮೇಜಿನ ಮೇಲಿರಬೇಕು, ಪಟ್ಟಿ ಕಟ್ಟಿದ ಜಾಗ ಎದೆಯ ಮಟ್ಟಕ್ಕೆ ಬರಬೇಕು. ಮೇಜು ಕೆಳಗಿದ್ದರೆ ಕೈ ಕೆಳಗೆ ಒಂದು ದಿಂಬೋ ಮಡಚಿದ ಬೆಡ್‌ಶೀಟೋ ಇಟ್ಟುಕೊಳ್ಳಿ. ಕೈ ಜೋತಾಡಿಸಿಕೊಂಡು ನೋಡಿದರೆ ಅಂಕಿ ಏರುತ್ತದೆ. ಕೈಯನ್ನು ತಾವೇ ಎತ್ತಿ ಹಿಡಿದುಕೊಂಡರೂ ಏರುತ್ತದೆ, ಯಾಕೆಂದರೆ ಸ್ನಾಯು ಬಿಗಿಯಾಗುತ್ತದೆ.

ಹಾಗೆ ಕೂತು 5 ನಿಮಿಷ ಸುಮ್ಮನಿರಿ. ನಮ್ಮ ಜನಕ್ಕೆ ಅತ್ಯಂತ ಕಷ್ಟದ ಕೆಲಸ ಇದೇ ಅನ್ನಿಸುತ್ತದೆ. ಟಿ.ವಿ. ಧಾರಾವಾಹಿ ಹಾಕಿಕೊಂಡು, ಮಗಳ ಜೊತೆ ಫೋನಿನಲ್ಲಿ ಮಾತಾಡುತ್ತಾ, ನಡುನಡುವೆ ‘ಕುಕ್ಕರ್ ಎಷ್ಟು ಕೂಗಿತೇ?’ ಅಂತ ಅಡುಗೆಮನೆ ಕಡೆ ಕೇಳುತ್ತಾ ನೋಡಿದ ಬಿ.ಪಿ. ಲೆಕ್ಕಕ್ಕಿಲ್ಲ. ಮೊದಲೇ ಒಂದಕ್ಕೆ ಹೋಗಿ ಬನ್ನಿ, ಮೂತ್ರ ತಡೆದುಕೊಂಡಿದ್ದರೂ ಏರುತ್ತದೆ. ಕಾಫಿ, ಟೀ, ಬೀಡಿ, ಸಿಗರೇಟು, ನಡಿಗೆ ಇವೆಲ್ಲ ಆಗಿ ಕನಿಷ್ಠ 30 ನಿಮಿಷ ಕಳೆದಿರಲಿ.

ಪಟ್ಟಿಯನ್ನು ಬರಿ ತೋಳಿಗೇ ಕಟ್ಟಬೇಕು, ಶರ್ಟಿನ ಮೇಲೆ ಅಲ್ಲ. ಶರ್ಟಿನ ತೋಳನ್ನು ಮಡಚಿ ಮೇಲೆ ಸರಿಸಿದಾಗ ಆ ಮಡಿಕೆ ಬಿಗಿಯಾಗಿ ಕೂತರೆ ಅದೂ ಸರಿಯಲ್ಲ. ಬಿಗಿ ರವಿಕೆ ಹಾಕಿಕೊಳ್ಳುವ ಹೆಂಗಸರಿಗೆ ಇದು ನಿಜವಾದ ತೊಂದರೆ, ಆ ಹೊತ್ತಿಗೆ ಸಡಿಲ ನೈಟಿಯಲ್ಲಿದ್ದರೆ ಸುಲಭ. ಪಟ್ಟಿಯ ಕೆಳಗಿನ ಅಂಚು ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲಿರಲಿ, ಟ್ಯೂಬು ಅಂಗೈ ಕಡೆಗೆ ಬರಲಿ. ಕಟ್ಟಿದ ಮೇಲೆ ಒಳಗೆ ಎರಡು ಬೆರಳು ತೂರುವಷ್ಟು ಸಡಿಲ ಸಾಕು. ಮೊದಲ ಸಲ ಎರಡೂ ಕೈ ನೋಡಿ, ಯಾವುದರಲ್ಲಿ ಜಾಸ್ತಿ ಬರುತ್ತದೋ ಆಮೇಲೆ ಯಾವಾಗಲೂ ಅದೇ ಕೈ. ಎರಡರ ನಡುವೆ ಪ್ರತಿ ಸಲವೂ 10ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಡಾಕ್ಟರಿಗೆ ಹೇಳಿ. ಡಯಾಲಿಸಿಸ್‌ಗೆ ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿರುವ ಕೈಗೆ ಪಟ್ಟಿ ಕಟ್ಟಲೇಬಾರದು. ಸ್ತನ ಕ್ಯಾನ್ಸರ್ ಆಪರೇಷನ್‌ನಲ್ಲಿ ಕಂಕುಳ ಗಂಟು ತೆಗೆದಿರುವವರು ಆ ಕಡೆಯ ಕೈ ಬಿಟ್ಟು ಇನ್ನೊಂದರಲ್ಲಿ ನೋಡಿಕೊಳ್ಳಿ.

ಎಷ್ಟು ಸಲ ನೋಡಬೇಕು? ಡಾಕ್ಟರ್ ಹತ್ತಿರ ಹೋಗುವ ಮುಂಚಿನ 7 ದಿನ, ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ. ಎರಡರ ನಡುವೆ ಒಂದು ನಿಮಿಷ ಬಿಡುವು. ಬೆಳಿಗ್ಗೆಯದು ಎದ್ದು ಬಚ್ಚಲಿಗೆ ಹೋಗಿ ಬಂದ ಮೇಲೆ, ಕಾಫಿಗೂ ಮಾತ್ರೆಗೂ ಮೊದಲು. ಸಂಜೆಯದು ಊಟಕ್ಕೆ ಮೊದಲು. ಅಡುಗೆಮನೆ ಗೋಡೆಯಲ್ಲಿ ಹಾಲಿನ ಲೆಕ್ಕ ಬರೆಯುವ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇದ್ದೇ ಇರುತ್ತದೆ, ಅದರ ಚೌಕದಲ್ಲೇ ಬರೆದುಬಿಡಿ. ಆದರೆ ಬಂದದ್ದನ್ನೆಲ್ಲ ಬರೆಯಬೇಕು. ಜಾಸ್ತಿ ಬಂದಿದ್ದು ಬಿಟ್ಟು ಚೆನ್ನಾಗಿ ಬಂದಿದ್ದು ಮಾತ್ರ ಬರೆಯುವ ಅಪ್ಪಂದಿರು ಎಲ್ಲರ ಮನೆಯಲ್ಲೂ ಇದ್ದಾರೆ, ಅವರ ಮಷೀನಿನ ಮೆಮೊರಿ ಒಂದು ಸಲ ಒತ್ತಿ ನೋಡಿ. ಮೊದಲ ದಿನದ್ದು ಬಿಟ್ಟು ಉಳಿದ 6 ದಿನದ್ದು ಕೂಡಿಸಿ ಸರಾಸರಿ ತೆಗೆಯಿರಿ. ಮನೆಯಲ್ಲಿ ನೋಡಿದ ಸರಾಸರಿ ಮೇಲಿನದು 135, ಕೆಳಗಿನದು 85, ಇವುಗಳಲ್ಲಿ ಯಾವುದೊಂದು ಮುಟ್ಟಿದರೂ, ದಾಟಿದರೂ ಬಿ.ಪಿ. ಇದೆ ಅಂತ ಲೆಕ್ಕ. ಆಸ್ಪತ್ರೆಯಲ್ಲಿ ಹಿಡಿಯುವ ಗೆರೆ 140/90. ಮನೆಯದಕ್ಕೆ ಗೆರೆ ಸ್ವಲ್ಪ ಕೆಳಗೆ ಯಾಕೆ ಅಂದರೆ ಮನೆಯಲ್ಲಿ ಮನುಷ್ಯ ಸಾಮಾನ್ಯವಾಗಿ ನಿರಾಳವಾಗಿರುತ್ತಾನೆ. ಬಿಳಿ ಕೋಟು ಕಂಡರೆ ಮಾತ್ರ ಬಿ.ಪಿ. ಏರುವವರಿದ್ದಾರೆ. ಡಾಕ್ಟರ್ ಮುಂದೆ ಸರಿಯಿದ್ದು ಮನೆಯಲ್ಲಿ ಏರಿರುವವರೂ ಇದ್ದಾರೆ, ಅವರ ವಿಷಯ ಜಾಸ್ತಿ ಅಪಾಯ. ಮನೆ ಲೆಕ್ಕ ಇಲ್ಲದಿದ್ದರೆ ಇಬ್ಬರೂ ಗೊತ್ತಾಗುವುದಿಲ್ಲ.

ಈ 7 ದಿನದ ಲೆಕ್ಕ ಮುಗಿದು ಬಿ.ಪಿ. ಹತೋಟಿಯಲ್ಲಿದ್ದರೆ ಆಮೇಲೆ ವಾರಕ್ಕೆ ಒಂದೆರಡು ಸಲ ಸಾಕು. ಗಂಟೆಗೊಮ್ಮೆ ಪಟ್ಟಿ ಕಟ್ಟಿಕೊಂಡು ಕೂತರೆ ಆ ಯೋಚನೆಯಿಂದಲೇ ಏರುತ್ತದೆ.

180/120 ದಾಟಿದರೆ ಏನು ಮಾಡಬೇಕು ಅನ್ನುವುದನ್ನು ಮಾತ್ರ ಮನೆಯವರೆಲ್ಲ ತಿಳಿದಿರಲಿ. ಮೈಗೆ ಏನೂ ಆಗುತ್ತಿಲ್ಲ ಅಂದರೆ 5 ನಿಮಿಷ ಕೂತು ಮತ್ತೆ ನೋಡಿ, ಆಗಲೂ ಅಷ್ಟೇ ಇದ್ದರೆ ಅವತ್ತೇ ಡಾಕ್ಟರನ್ನು ಕಾಣಿ. ಎದೆನೋವು, ಉಸಿರಾಟದ ಕಷ್ಟ, ಬಾಯಿ ಸೊಟ್ಟ ಆಗುವುದು, ಒಂದು ಕೈಕಾಲು ಸೋಲುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು ಇದ್ದರೆ ಎರಡನೇ ರೀಡಿಂಗ್‌ಗೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಲಕ್ವ ಹೊಡೆದಾಗ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು, ಅದಕ್ಕೂ ಸಾಕಷ್ಟು ಮುಂಚೆಯೇ ಆಸ್ಪತ್ರೆಯಲ್ಲಿರಬೇಕು. ಆ ಹೊತ್ತನ್ನು ಹಳ್ಳಿಯಲ್ಲಿ ಸೊಪ್ಪಿನ ರಸ ಹಿಂಡುವುದರಲ್ಲಿ ಕಳೆಯಬೇಡಿ. ಮಂಡ್ಯ ಕಡೆಯವರಿಗೆ ಮಿಮ್ಸ್, ಮೈಸೂರು ಕಡೆಯವರಿಗೆ ಕೆ.ಆರ್. ಆಸ್ಪತ್ರೆ, ಎದೆನೋವಿಗೆ ಜಯದೇವ ಇವೆ. ಅಕ್ಕಪಕ್ಕದವರು ಹೇಳಿದರು ಅಂತ ನಾಲಿಗೆ ಕೆಳಗೆ ಬಿ.ಪಿ. ಮಾತ್ರೆ ಇಡುವುದೂ ಬೇಡ, ಒಂದೇ ಸಲಕ್ಕೆ ಇಳಿದರೆ ಮೆದುಳಿಗೆ ರಕ್ತ ಸಾಲದೆ ಹೊಸ ತೊಂದರೆ ಆಗುತ್ತದೆ. ಬಸುರಿಯರಿಗೆ ಲೆಕ್ಕವೇ ಬೇರೆ. 140/90 ಬಂದರೆ ಅವತ್ತೇ ಡಾಕ್ಟರಿಗೆ ತಿಳಿಸಿ, 160/110 ಬಂದರೆ ಸೀದಾ ಆಸ್ಪತ್ರೆಗೆ.

ಲೆಕ್ಕ ಸರಿಯಾಗಿ ಬರೆದರೂ ಅಂಕಿ ಇಳಿಯುತ್ತಿಲ್ಲ ಅಂದರೆ ಮಾತ್ರೆ ಬದಲಿಸುವ ಮುಂಚೆ ಬೇರೆ ಏನು ನುಂಗುತ್ತಿದ್ದೀರಿ ಅಂತ ನೋಡಿ. ಮಂಡಿನೋವಿಗೆ ಮೆಡಿಕಲ್ ಸ್ಟೋರಿನಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಬಿ.ಪಿ. ಏರಿಸುತ್ತವೆ. ಮೂಗು ಕಟ್ಟಿದ್ದಕ್ಕೆ ತೆಗೆದುಕೊಳ್ಳುವ ಎಷ್ಟೋ ನೆಗಡಿ ಮಾತ್ರೆಗಳೂ ಅಷ್ಟೇ. ಕೆಮ್ಮಿಗೆ ಅತಿಮಧುರ ಜಗಿಯುವುದು, ಕಷಾಯ ಕುದಿಸುವುದು ದಿನಾ ನಡೆದರೆ ಅದೂ ಏರಿಸುತ್ತದೆ, ಪೊಟ್ಯಾಸಿಯಂ ಬೇರೆ ಇಳಿಸುತ್ತದೆ. ಗಿಡಮೂಲಿಕೆ ಅಂತ ಇದನ್ನು ಯಾರೂ ಡಾಕ್ಟರಿಗೆ ಹೇಳುವುದೇ ಇಲ್ಲ. ಇನ್ನು ಉಪ್ಪು. ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಮುದ್ದೆಯಿಂದ ತೊಂದರೆಯಿಲ್ಲ, ತೊಂದರೆ ಅದರ ಜೊತೆಗಿನ ಉಪ್ಸಾರು, ಮೇಲಿನ ಖಾರ, ಉಪ್ಪಿನಕಾಯಿ, ಹಪ್ಪಳದಿಂದ. ಉಪ್ಸಾರು ಬಿಡಿ ಅಂತ ಮಂಡ್ಯದವರಿಗೆ ಹೇಳುವ ಧೈರ್ಯ ನನಗಿಲ್ಲ, ಉಪ್ಪು ಕಡಿಮೆ ಹಾಕಿ ಅನ್ನಬಹುದು. ಸೋಡಿಯಂ ಕಡಿಮೆ ಇರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ಕಿಡ್ನಿ ತೊಂದರೆ ಇರುವವರು ಅಥವಾ ಟೆಲ್ಮಿಸಾರ್ಟಾನ್ ಥರದ ಬಿ.ಪಿ. ಮಾತ್ರೆ ನುಂಗುವವರು ಕೇಳದೆ ಬಳಸಬಾರದು.

ಮಾತ್ರೆ ಶುರುವಾದ ಮೇಲೆ ಪಾದ ಊದಿಕೊಂಡರೆ ಅದು ಆಮ್ಲೋಡಿಪಿನ್‌ನಿಂದ ಇರಬಹುದು, ಬೇರೆ ಮಾತ್ರೆ ಇದೆ. ಎದ್ದು ನಿಂತಾಗ ತಲೆ ಸುತ್ತುವ ಹಿರಿಯರಿಗೆ ಕೂತಾಗ ಒಂದು ಸಲ, ನಿಂತು 1 ಮತ್ತು 3 ನಿಮಿಷಕ್ಕೆ ಒಂದೊಂದು ಸಲ ನೋಡಿ. ಬಿದ್ದಾರು, ಪಕ್ಕದಲ್ಲೇ ಯಾರಾದರೂ ನಿಂತಿರಿ. ನಿಂತಾಗ ಮೇಲಿನದು 20 ಇಳಿದರೆ ಡಾಕ್ಟರಿಗೆ ಹೇಳಲೇಬೇಕು. ಎರಡರಲ್ಲೂ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ದುಡ್ಡಿನ ತೊಂದರೆಯಿಂದ ಬಿಡುವವರು ಜನೌಷಧಿ ಅಂಗಡಿಯಲ್ಲಿ ವಿಚಾರಿಸಿ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ 30 ದಾಟಿದವರಿಗೆ ಪುಕ್ಕಟೆ ತಪಾಸಣೆ ಇದೆ, ಮಾತ್ರೆಯೂ ಸಿಗುತ್ತದೆ.

ವರ್ಷಕ್ಕೊಮ್ಮೆ ಮಷೀನನ್ನೇ ಚೀಲದಲ್ಲಿ ಹಾಕಿಕೊಂಡು ಡಾಕ್ಟರ್ ಹತ್ತಿರ ಹೋಗಿ, ಅವರದ್ದು ಒಂದು ಸಲ, ನಿಮ್ಮದು ಒಂದು ಸಲ, ಅದೇ ಕೈಗೆ, ಹೋಲಿಸಿ ನೋಡಿ. ಒಂದೆರಡು ಸಲ ಹಾಗೆ ಮಾಡಿದಾಗ 10ಕ್ಕಿಂತ ಜಾಸ್ತಿ ವ್ಯತ್ಯಾಸ ಬರುತ್ತಲೇ ಇದ್ದರೆ ಪಟ್ಟಿ ಸವೆದಿರಬಹುದು, ಟ್ಯೂಬಿನಲ್ಲಿ ಗಾಳಿ ಸೋರುತ್ತಿರಬಹುದು. ಸ್ಕ್ರೀನಿನಲ್ಲಿ ಹೃದಯದ ಚಿಹ್ನೆ ಅಡ್ಡಾದಿಡ್ಡಿ ಮಿನುಗುತ್ತಾ ಮತ್ತೆ ಮತ್ತೆ ಬಂದರೆ ಮಾತ್ರ ಮಷೀನನ್ನು ದೂರಬೇಡಿ. ಅದು ನಾಡಿ ಬಡಿತ ಏರುಪೇರಾಗಿದೆ ಅನ್ನುವ ಸೂಚನೆ. ಇಸಿಜಿ ಮಾಡಿಸಿಕೊಳ್ಳಿ.