ಕಬ್ಬಿನ ಬಿಲ್ ಯಾರಿಗೆ ಕಾಣಬೇಕು? ವೆಬ್ ಆ್ಯಪ್‌ನಲ್ಲಿ ಪಾತ್ರವಾರು ಅನುಮತಿ

ಮುಧೋಳ, ಜಮಖಂಡಿ ಕಡೆಯ ಒಂದು ಸಕ್ಕರೆ ಕಾರ್ಖಾನೆಗೆ ವೆಬ್ ಆ್ಯಪ್ ಮಾಡುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಫೀಲ್ಡ್‌ಮನ್ ನಾಟಿ ಬರೆಯುತ್ತಾರೆ, ಕಾಟಾ ಗುಮಾಸ್ತರು ತೂಕ ಹಾಕುತ್ತಾರೆ, ಅಕೌಂಟ್ಸ್‌ನವರು ಬಿಲ್ ಪಾಸು ಮಾಡುತ್ತಾರೆ, ರೈತರು ತಮ್ಮ ಬಿಲ್ ನೋಡುತ್ತಾರೆ. ಕೋಡ್‌ಗೆ ಕೈ ಹಚ್ಚುವ ಮೊದಲು ಯಾರಿಗೆ ಯಾವ ಕೆಲಸ ಎಂದು ಹಾಳೆಯ ಮೇಲೆ ಬರೆದುಕೊಳ್ಳಿ. ಪುಟದ ಲೆಕ್ಕ ಹಿಡಿಯಬೇಡಿ, ಕೆಲಸದ ಲೆಕ್ಕ ಹಿಡಿಯಿರಿ: ತೂಕ ನೋಡುವುದು ಬೇರೆ, ತೂಕ ತಿದ್ದುವುದು ಬೇರೆ.

ಡೇಟಾಬೇಸ್‌ನಲ್ಲಿ ಬಳಕೆದಾರ, ಪಾತ್ರ (ಫೀಲ್ಡ್‌ಮನ್, ಗುಮಾಸ್ತರಂಥ ಹುದ್ದೆ), ಅನುಮತಿ ಎಂಬ ಮೂರು ಟೇಬಲ್, ಇವನ್ನು ಜೋಡಿಸಲು ಇನ್ನೆರಡು ಸಾಕು. ಕೋಡ್‌ನಲ್ಲಿ ‘ಇವರು ಗುಮಾಸ್ತರೇ?’ ಎಂದು ಕೇಳದೆ ‘ತೂಕ ತಿದ್ದುವ ಅನುಮತಿ ಇದೆಯೇ?’ ಎಂದು ಕೇಳಿ. ಮುಂದೆ ಹೊಸ ಹುದ್ದೆ ಬಂದರೆ ಟೇಬಲ್‌ಗೆ ಸಾಲು ಸೇರಿಸಿದರಾಯಿತು, ಕೋಡ್ ಮುಟ್ಟಬೇಕಿಲ್ಲ.

ಈ ತಪಾಸಣೆ ಸರ್ವರ್‌ನಲ್ಲೇ, ಪ್ರತಿ ಕೋರಿಕೆಗೂ ನಡೆಯಬೇಕು. ಮೆನುವಿನಿಂದ ಬಟನ್ ತೆಗೆದರೆ ಬಾಗಿಲು ಹಾಕಿದಂತಾಗುವುದಿಲ್ಲ. ವಿಳಾಸ ಗೊತ್ತಿದ್ದವರು ನೇರವಾಗಿ ಟೈಪ್ ಮಾಡುತ್ತಾರೆ. ಜಾವಾಸ್ಕ್ರಿಪ್ಟ್‌ನ ಸರ್ವರ್ ಚೌಕಟ್ಟಾದ ಎಕ್ಸ್‌ಪ್ರೆಸ್‌ನಲ್ಲಾದರೆ ತಪಾಸಣೆಯ ಮಿಡಲ್‌ವೇರ್ (ಕೋರಿಕೆಗೂ ಉತ್ತರಕ್ಕೂ ನಡುವೆ ಓಡುವ ಕೋಡ್) ರೂಟ್‌ಗಳಿಗಿಂತ (ಯಾವ ವಿಳಾಸಕ್ಕೆ ಯಾವ ಉತ್ತರ ಎಂದು ಹೇಳುವ ಕೋಡ್) ಮೇಲಿರಲಿ. ಕೆಳಗಿದ್ದರೆ ಅದರ ಸರದಿ ಬರುವ ಮೊದಲೇ ಉತ್ತರ ಹೋಗಿರುತ್ತದೆ. ನಿಯಮ ಬರೆಯದ ಪುಟ ಎಲ್ಲರಿಗೂ ಮುಚ್ಚಿರಲಿ. ಸರ್ವರ್ ಉತ್ತರದ ಜೊತೆ ಕಳಿಸುವ ಸ್ಥಿತಿ ಸಂಖ್ಯೆ ಹೀಗಿರಲಿ: ಲಾಗಿನ್ ಆಗದವರಿಗೆ 401 (‘ಮೊದಲು ಲಾಗಿನ್ ಆಗಿ’) ಅಥವಾ ಲಾಗಿನ್ ಪುಟ, ಲಾಗಿನ್ ಆಗಿಯೂ ಹಕ್ಕಿಲ್ಲದವರಿಗೆ 403 (‘ಅನುಮತಿ ಇಲ್ಲ’).

ಹೆಚ್ಚಿನವರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ರೈತರಿಗೆ ‘ಬಿಲ್ ನೋಡು’ ಅನುಮತಿ ಇದೆ, ಸರಿ. ವಿಳಾಸದ ಕೊನೆಯ 4120 ಅನ್ನು 4121 ಮಾಡಿದರೆ ಪಕ್ಕದ ಹೊಲದವರ ಬಿಲ್, ಬ್ಯಾಂಕ್ ಖಾತೆ ಸಮೇತ ತೆರೆದುಕೊಂಡರೆ? ಪಾತ್ರ ನೋಡಿದರೆ ಸಾಲದು, ದಾಖಲೆ ಯಾರದು ಎಂಬುದನ್ನೂ ನೋಡಬೇಕು. ಡೇಟಾಬೇಸ್‌ನಲ್ಲಿ ಬಿಲ್ ಹುಡುಕುವ ಕ್ವೆರಿಯಲ್ಲೇ ಬಿಲ್ ಸಂಖ್ಯೆಯ ಜೊತೆ ಸೆಷನ್‌ನಲ್ಲಿರುವ (ಲಾಗಿನ್ ಆದಾಗ ಸರ್ವರ್ ನೆನಪಿಟ್ಟುಕೊಂಡ) ರೈತರ ಐಡಿಯನ್ನೂ ಷರತ್ತಾಗಿ ಸೇರಿಸಿ. ಸಿಗದಿದ್ದರೆ 404 (‘ಸಿಗಲಿಲ್ಲ’) ಕೊಡಿ, ಅಂಥ ಬಿಲ್ ಇದೆ ಎಂಬ ಸುಳಿವೂ ಹೋಗುವುದಿಲ್ಲ. ವೆಬ್ ಆ್ಯಪ್‌ಗಳ ಸುರಕ್ಷತೆಗಾಗಿ ಕೆಲಸ ಮಾಡುವ ಓವಾಸ್ಪ್ (OWASP) ಸಂಸ್ಥೆಯ 2021ರ ಪ್ರಮುಖ ಅಪಾಯಗಳ ಪಟ್ಟಿಯಲ್ಲಿ ಪ್ರವೇಶ ನಿಯಂತ್ರಣದ ಲೋಪಗಳೇ ಮೊದಲ ಸ್ಥಾನದಲ್ಲಿದ್ದವು. ಪಿಡಿಎಫ್ ಬಿಲ್‌ಗಳನ್ನು ಪಬ್ಲಿಕ್ ಫೋಲ್ಡರ್‌ನಲ್ಲಿ ಇಡಲೇಬೇಡಿ. ಅಲ್ಲಿನ ಫೈಲ್‌ಗಳನ್ನು ಸಾಮಾನ್ಯವಾಗಿ ಯಾವ ತಪಾಸಣೆಯೂ ಇಲ್ಲದೆ ಸರ್ವರ್ ಕೊಟ್ಟುಬಿಡುತ್ತದೆ.

ಲಾಗಿನ್ ಆದವರಿಗೆ ಸರ್ವರ್ ಕೊಡುವ ಗುರುತಿನ ಚೀಟಿಯಾದ ಟೋಕನ್‌ನೊಳಗೇ ಪಾತ್ರವನ್ನು ಬರೆದಿಟ್ಟರೆ, ಗುಮಾಸ್ತರನ್ನು ಬೇರೆ ವಿಭಾಗಕ್ಕೆ ಹಾಕಿದ ಮೇಲೂ ಆ ಟೋಕನ್ ಮುಗಿಯುವವರೆಗೆ ಹಳೆಯ ಹಕ್ಕು ನಡೆಯುತ್ತದೆ. ಅದಕ್ಕೆ ಟೋಕನ್ ಅವಧಿ ಚಿಕ್ಕದಿರಲಿ, ಇಲ್ಲವೇ ಪಾತ್ರವನ್ನು ಪ್ರತಿ ಸಲ ಡೇಟಾಬೇಸ್‌ನಿಂದಲೇ ಓದಿ. ಕಾಟಾ ಮನೆಯ ಒಂದೇ ಕಂಪ್ಯೂಟರ್ ಪಾಳಿಪಾಳಿಗೆ ಕೈ ಬದಲಾಗುತ್ತದೆ, ಆದ್ದರಿಂದ ಗೋಪ್ಯ ಪುಟಗಳಿಗೆ ‘ನೋ-ಸ್ಟೋರ್’ ಹೆಡರ್ ಹಾಕಿ, ಪುಟದ ನಕಲು ಇಟ್ಟುಕೊಳ್ಳಬೇಡ ಎಂದು ಬ್ರೌಸರ್‌ಗೆ ಹೇಳುವ ಸೂಚನೆ ಅದು.

ಕೊನೆಗೆ ಮೊದಲಿನ ಹಾಳೆಯನ್ನೇ ಟೆಸ್ಟ್ ಮಾಡಿ: ಪ್ರತಿ ಪಾತ್ರದಿಂದ ಪ್ರತಿ ವಿಳಾಸಕ್ಕೆ ಗೆಟ್ (ಓದುವ ಕೋರಿಕೆ), ಪೋಸ್ಟ್ (ಬರೆಯುವ ಕೋರಿಕೆ) ಎರಡನ್ನೂ ಕಳಿಸಿ, ಬರಬೇಕಾದ ಸ್ಥಿತಿ ಸಂಖ್ಯೆ ಬಂತೇ ನೋಡಿ. ಗೆಟ್‌ಗೆ ಬೀಗ ಹಾಕಿ ಪೋಸ್ಟ್ ಮರೆತಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ.