ಬೋನಿಟ್ಟು ಇಲಿ ಹಿಡಿದ 16 ರಾತ್ರಿ

ಜನವರಿ ಕೊನೆಯ ವಾರ ನಮ್ಮ ಮನೆ ಪಕ್ಕದ ಖಾಲಿ ಸೈಟಿಗೆ ಜೆಸಿಬಿ ಬಂತು. ಎಂಟು ಹತ್ತು ವರ್ಷದಿಂದ ಪಾರ್ಥೇನಿಯಂ, ಹುಲ್ಲು, ಯಾರೋ ತಂದು ಸುರಿದ ಇಟ್ಟಿಗೆ ಚೂರು ಎಲ್ಲ ತುಂಬಿಕೊಂಡಿದ್ದ ಜಾಗ ಅದು, ಒಂದೇ ಮಧ್ಯಾಹ್ನಕ್ಕೆ ಬೋಳಾಯಿತು. ಮೂರನೇ ದಿನ ಬೆಳಿಗ್ಗೆ ಅತ್ತೆ ದೇವರ ಮನೆಯಿಂದ ಕೂಗಿದರು, "ದೀಪದ ಬತ್ತಿ ನೀನೇನಾದ್ರೂ ತೆಗೆದ್ಯೇನಮ್ಮಾ?" ನಾನು ತೆಗೆದಿರಲಿಲ್ಲ. ಎಣ್ಣೆಯಲ್ಲಿ ನೆನೆದಿದ್ದ ಎರಡು ಬತ್ತಿಯೂ ಇಲ್ಲ, ದೀಪದಿಂದ ಗೋಡೆಯ ಬುಡದ ತನಕ ಸಣ್ಣಗೆ ಎಣ್ಣೆಯ ಗೆರೆ. ಬಚ್ಚಲಲ್ಲಿ ಸೋಪಿನ ಅಂಚಿಗೆ ಪುಟ್ಟ ಪುಟ್ಟ ಹಲ್ಲಿನ ಗುರುತು. ಅಡುಗೆಮನೆ ಕಟ್ಟೆಯ ಕೆಳಗೆ, ಸಿಲಿಂಡರ್ ಹಿಂದೆ, ಅಕ್ಕಿ ಕಾಳಿಗಿಂತ ಚಿಕ್ಕದಾದ ಕಪ್ಪು ಹಿಕ್ಕೆಗಳು. ಹೆಗ್ಗಣ ಅಲ್ಲ, ಸಣ್ಣ ಇಲಿ. ಅದರ ಮನೆ ಕಿತ್ತರು, ಅದು ನಮ್ಮ ಮನೆಗೆ ಬಂತು, ಅಷ್ಟೇ.

ಅತ್ತೆ ಮೊದಲೇ ಹೇಳಿಬಿಟ್ಟರು, "ಪಾಷಾಣ ಮಾತ್ರ ಬೇಡ ಕಣಮ್ಮಾ." ಗಣಪತಿಯ ವಾಹನ ಅನ್ನೋದು ಅವರ ಕಾರಣ. ನನಗೆ ನನ್ನದೇ ಕಾರಣ ಇತ್ತು. ಹಿಂದೆ ಬಾಡಿಗೆ ಮನೆಯಲ್ಲಿದ್ದಾಗ ಪಾಷಾಣ ಇಟ್ಟು, ಇಲಿ ಸಜ್ಜೆಯ ಮೇಲೆ ಎಲ್ಲೋ ಸತ್ತು, ಹತ್ತು ದಿನ ಆ ವಾಸನೆಯಲ್ಲೇ ಅಡುಗೆ ಮಾಡಿದ್ದೇವೆ. ಆಮೇಲೆ ಒಂದು ಸಲ ಅಂಟಿನ ಹಲಗೆ ತಂದೆವು. ಅದನ್ನು ಬರೆಯೋಕೂ ಕಷ್ಟ. ರಾತ್ರಿ ಎರಡು ಗಂಟೆಯಿಂದ ಬೆಳಗಿನ ತನಕ ಅದಕ್ಕೆ ಅಂಟಿಕೊಂಡ ಇಲಿ ಕೂಗುತ್ತಲೇ ಇತ್ತು, ಎದ್ದು ನೋಡಿದರೆ ಬಿಡಿಸಿಕೊಳ್ಳೋಕೆ ಹೋಗಿ ಕಾಲಿನ ಚರ್ಮವೇ ಕಿತ್ತು ಬಂದಿತ್ತು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಈ ಹಲಗೆಯನ್ನು ನಿಲ್ಲಿಸಿ ಅಂತ 2011ರಲ್ಲೇ ರಾಜ್ಯಗಳಿಗೆ ಬರೆದಿತ್ತು, 2020ರಲ್ಲಿ ಮತ್ತೆ ಬರೆಯಿತು. ಆದರೂ ಅಂಗಡಿಯಲ್ಲಿ ಇಲಿಗೆ ಏನಾದ್ರೂ ಕೊಡಿ ಅಂದರೆ ಮೊದಲು ಕೈಗೆ ಬರೋದು ಅದೇ. ದಯವಿಟ್ಟು ತರಬೇಡಿ.

ಹಾಗಾಗಿ ಮೈಸೂರಿನ ಸಂತೆಪೇಟೆಗೆ ಹೋಗಿ ತಂತಿಯ ಬೋನು ತಂದೆ, 180 ರೂಪಾಯಿ. ಎಲ್ಲರೂ ನೋಡಿರುತ್ತೀರಿ, ಒಳಗೆ ಒಂದು ಕೊಕ್ಕೆ, ಕೊಕ್ಕೆಗೆ ತಿಂಡಿ ಚುಚ್ಚಿ ಬಾಗಿಲು ಎತ್ತಿ ಸಿಕ್ಕಿಸೋದು, ಇಲಿ ಎಳೆದರೆ ಸ್ಪ್ರಿಂಗ್ ಬಾಗಿಲು ಬೀಳುತ್ತೆ. ಅಂಗಡಿಯವರು ಹೇಳಿದರು, "ಮೇಡಂ, ಒಂದು ಮಸಾಲೆ ವಡೆ ಸಿಕ್ಕಿಸಿ, ಬೆಳಿಗ್ಗೆ ಒಳಗಿರುತ್ತೆ ನೋಡಿ."

ಎರಡು ರಾತ್ರಿ ವಡೆ ಹೋಯಿತು, ಬಾಗಿಲು ಬೀಳಲಿಲ್ಲ. ಇಲ್ಲಿ ಎರಡು ವಿಷಯ ಕಲಿತೆ. ಒಂದು, ಈ ಬೋನು ಮಾಡಿರೋದು ದೊಡ್ಡ ಇಲಿಗೆ. ಮನೆಯ ಸಣ್ಣ ಇಲಿ ತೂಗೋದೇ 15ರಿಂದ 20 ಗ್ರಾಂ, ಅದು ವಡೆಯನ್ನು ಎಳೆಯೋದಿಲ್ಲ, ನಿಂತಲ್ಲೇ ಕೆರೆದು ಕೆರೆದು ತಿನ್ನುತ್ತೆ, ಕೊಕ್ಕೆ ಅಲುಗೋದೂ ಇಲ್ಲ. ಎರಡು, ತಂತಿಯ ಸಂದು ದೊಡ್ಡದಿದ್ದರೆ ಮರಿ ಇಲಿ ಅದರಲ್ಲೇ ನುಗ್ಗಿ ಆಚೆ ಹೋಗುತ್ತೆ. ಕಾಲು ಅಂಗುಲ ಸಂದು ಇದ್ದರೆ ಸಾಕು ಅದಕ್ಕೆ, ತಲೆ ತೂರಿದರೆ ಮೈಯೂ ತೂರಿತು. ಹಾಗಾಗಿ ಸೊಳ್ಳೆ ಜಾಲರಿ ಹಾಕಿಸಿದಾಗ ಉಳಿದಿದ್ದ ಸ್ಟೀಲ್ ಜಾಲರಿಯ ತುಂಡನ್ನು ಬೋನಿನ ಮೂರು ಕಡೆ ಸುತ್ತಿ ಸಣ್ಣ ತಂತಿಯಿಂದ ಹೊಲಿದೆ. ಕೊಕ್ಕೆ ಸಿಕ್ಕಿಸುವ ತುದಿಯನ್ನು ಮರಳು ಕಾಗದದಿಂದ ಉಜ್ಜಿ ನುಣುಪು ಮಾಡಿದೆ, ಉಸಿರು ತಾಗಿದರೂ ಬೀಳುವ ಹಾಗೆ. ವಡೆ ಬಿಟ್ಟು ಕಡಲೆಕಾಯಿ ಚಿಕ್ಕಿಯ ತುಂಡು ತಗೊಂಡು, ಒಲೆಯ ಮೇಲೆ ಒಂಚೂರು ಬಿಸಿ ಮಾಡಿ, ಬೆಲ್ಲ ಮೆತ್ತಗಾದಾಗ ಕೊಕ್ಕೆಗೆ ಒತ್ತಿ, ಮೇಲೆ ದಾರ ಸುತ್ತಿದೆ. ಆರಿದ ಮೇಲೆ ಅದು ಕಲ್ಲಿನ ಹಾಗೆ ಕೂರುತ್ತೆ, ಕಚ್ಚಿ ಎಳೆಯದೆ ಬೇರೆ ದಾರಿ ಇಲ್ಲ. ಸುಟ್ಟ ಕೊಬ್ಬರಿ ಚೂರೂ ಚೆನ್ನಾಗಿ ಆಗುತ್ತೆ, ದಾರ ಮಾತ್ರ ಮರೀಬೇಡಿ.

ಎಲ್ಲಿಡಬೇಕು ಅನ್ನೋದಕ್ಕೆ ಸ್ವಲ್ಪ ರಾಗಿ ಹಿಟ್ಟು ಖರ್ಚು ಮಾಡಿದೆ. ರಾತ್ರಿ ಗೋಡೆ ಬುಡಕ್ಕೆ ತೆಳ್ಳಗೆ ಉದುರಿಸಿ ಮಲಗಿದರೆ ಬೆಳಿಗ್ಗೆ ಹೆಜ್ಜೆ ಗುರುತು ಸ್ಪಷ್ಟ. ಹಿಂದಿನ ಬಾಗಿಲ ಸಂದಿನಿಂದ ಸಿಲಿಂಡರ್ ಹಿಂದೆ, ಅಲ್ಲಿಂದ ಫ್ರಿಜ್ ಕೆಳಗೆ, ಅಲ್ಲಿಂದ ಹೊಲಿಗೆ ಯಂತ್ರ ಇರುವ ಚಿಕ್ಕ ಕೋಣೆಗೆ. ನಡುಮನೆಯ ಮಧ್ಯದಲ್ಲಿ ಒಂದೂ ಹೆಜ್ಜೆ ಇಲ್ಲ. ಇಲಿ ಮೀಸೆಯನ್ನು ಗೋಡೆಗೆ ಸವರಿಕೊಂಡೇ ಓಡಾಡೋದು, ಹಾಗಾಗಿ ಬೋನನ್ನೂ ಗೋಡೆಗೆ ಅಂಟಿಸಿಯೇ ಇಡಬೇಕು, ಬಾಯಿ ಅದು ಓಡುವ ದಾರಿಯ ಕಡೆಗೆ.

ಮೂರನೇ ರಾತ್ರಿ ಬಿತ್ತು. ಬಿದ್ದಿದ್ದು ಯಾವಾಗ ಅಂತ ನನಗೆ ಗೊತ್ತಿಲ್ಲ, ನಾನು ಮಲಗಿದ್ದೆ. ಬೆಳಿಗ್ಗೆ ಮಗಳ ಡಬ್ಬಿ, ಸ್ಕೂಲ್ ವ್ಯಾನು ಅಂತ ಓಡಾಡಿ ಬೋನು ನೋಡಿದ್ದು ಎಂಟೂವರೆಗೆ. ಅದು ಬದಿಗೆ ಒರಗಿ ಮಲಗಿತ್ತು. ಸತ್ತಿತ್ತು. ಮೂಗಿನ ತುದಿ ತಂತಿಗೆ ಒತ್ತಿ ಒತ್ತಿ ಕೆಂಪಾಗಿ ಹಸಿ ಗಾಯ ಆಗಿತ್ತು, ಮುಂಗಾಲಿನ ಬೆರಳುಗಳು ಮಡಿಸಿಕೊಂಡಿದ್ದವು, ಚಿಕ್ಕಿ ಹಾಗೇ ಇತ್ತು, ಒಂದು ಕಾಳೂ ತಿಂದಿರಲಿಲ್ಲ. ಬೋನು ಇಟ್ಟಿದ್ದು ಮೊಸಾಯಿಕ್ ನೆಲದ ಮೇಲೆ, ಬಾಗಿಲ ಸಂದಿನ ಗಾಳಿಗೆ ನೇರವಾಗಿ, ಜನವರಿಯ ಚಳಿಯಲ್ಲಿ. ಅಷ್ಟು ಚಿಕ್ಕ ಮೈ ಬಿಸಿಯನ್ನು ಹಿಡಿದಿಟ್ಟುಕೊಳ್ಳೋದಿಲ್ಲ, ಮೇಲೆ ಹೆದರಿಕೆ. ಕೊಲ್ಲಬಾರದು ಅಂತಲೇ ಬೋನು ತಂದವಳು ನಾನು, ಕೊಂದಿದ್ದೂ ನಾನೇ. ತೆಂಗಿನ ಮರದ ಬುಡದಲ್ಲಿ ಹೂಳಿದೆ, ಮಗಳಿಗೂ ನಿಜವನ್ನೇ ಹೇಳಿದೆ.

ಅವತ್ತಿನಿಂದ ಪದ್ಧತಿ ಬದಲಾಯಿತು. ಕೊಲ್ಲದೆ ಹಿಡಿಯೋ ಬೋನು ಅಂತ ಒಂದಿಲ್ಲ, ಕೊಲ್ಲದೆ ಹಿಡಿಯೋರು ಇರಬೇಕು ಅಷ್ಟೇ. ರಾತ್ರಿ ಒಂಬತ್ತಕ್ಕೆ ಬೋನು ಇಡೋದು. ಹನ್ನೊಂದಕ್ಕೆ ನೋಡೋದು, ಎರಡಕ್ಕೆ ಅಲಾರಂ, ಮತ್ತೆ ಐದಕ್ಕೆ. ಎದ್ದು ನೋಡೋಕೆ ಆಗದ ದಿನ ಬೋನು ಇಡೋದೇ ಇಲ್ಲ. ಊರಿಗೆ ಹೋಗುವಾಗಲಂತೂ ಇಡಲೇಬೇಡಿ. ಬೋನಿನ ಕೆಳಗೆ ರಟ್ಟು, ಅರ್ಧ ಭಾಗಕ್ಕೆ ಹಳೇ ಟವಲ್ ಹೊದಿಕೆ, ಒಳಗೆ ಒಂದು ಹಿಡಿ ಹತ್ತಿ ಬಟ್ಟೆಯ ಚಿಂದಿ, ಒಂದು ತುಂಡು ಸೌತೆಕಾಯಿ. ನೀರಿನ ಬಟ್ಟಲು ಇಟ್ಟರೆ ಚೆಲ್ಲಿ ಮೈ ಒದ್ದೆಯಾಗುತ್ತೆ, ಚಳಿಗೆ ಅದೇ ಸಾಕು ಸಾಯೋಕೆ. ಆ ಚಿಂದಿಯೊಳಗೆ ಹುದುಗಿ ಕೂತರೆ ತಂತಿಗೆ ಮೂಗು ಉಜ್ಜೋದೂ ನಿಲ್ಲುತ್ತೆ, ಇದನ್ನು ಆಮೇಲೆ ಪ್ರತಿ ಸಲವೂ ನೋಡಿದೆ. ಆನ್‌ಲೈನಿನಲ್ಲಿ ಪ್ಲಾಸ್ಟಿಕ್ಕಿನ ಕೊಳವೆ ತರಹದ ಬೋನು ಎರಡು ತರಿಸಿದೆ. ಒಳಗೆ ಹೋದಾಗ ಕೊಳವೆ ಓಲಿ ಬಾಗಿಲು ಮುಚ್ಚಿಕೊಳ್ಳುತ್ತೆ, ಸಣ್ಣ ಇಲಿಗೆ ಇದೇ ವಾಸಿ. ಆದರೆ ಗಾಳಿ ತೂತು ಕಡಿಮೆ ಇತ್ತು, ಬಿಸಿ ಮಾಡಿದ ದಬ್ಬಳದಿಂದ ಇನ್ನಷ್ಟು ತೂತು ಚುಚ್ಚಿದೆ.

ಐದನೇ ರಾತ್ರಿ ಸಿಕ್ಕಿದ್ದು ಬಾಲದ ತುದಿ ತುಂಡಾದ ಒಂದು ಇಲಿ. ಬೆಳಗಿನ ಜಾವ ಸೈಟಿನ ಆ ಕೊನೆಗೆ, ಮೋರಿ ಹತ್ತಿರ ಬಿಟ್ಟು ಬಂದೆ, ಮನೆಯಿಂದ ನೂರು ಹೆಜ್ಜೆ ಇರಬಹುದು. ಏಳನೇ ರಾತ್ರಿ ಅದೇ ಮೊಂಡು ಬಾಲ ಮತ್ತೆ ಬೋನಲ್ಲಿ! ಅಷ್ಟು ಹತ್ತಿರ ಬಿಟ್ಟರೆ ಸೀದಾ ವಾಪಸ್ ಬರುತ್ತೆ. ಆಮೇಲೆ ಎಲ್ಲವನ್ನೂ ರಿಂಗ್ ರೋಡಿನ ಆಚೆ, ಎರಡೂವರೆ ಕಿಲೋಮೀಟರ್ ದೂರದ ಒಂದು ಹಳೇ ಕಲ್ಲು ಕ್ವಾರಿಯ ಪೊದೆಗಳಲ್ಲಿ ಬಿಟ್ಟೆವು. ರೈತರ ಹೊಲದ ಬದುವಿನಲ್ಲಿ ಬಿಡಬೇಡಿ, ನಮ್ಮ ರಾಗಿ ಉಳಿಸಿಕೊಳ್ಳೋಕೆ ಅವರ ರಾಗಿಗೆ ಇಲಿ ಕಳಿಸೋದು ನ್ಯಾಯ ಅಲ್ಲ. ಇನ್ನೊಬ್ಬರ ಮನೆ, ಪಾರ್ಕು, ಗೋದಾಮಿನ ಹತ್ತಿರವೂ ಬೇಡ. ಮನೆಯಲ್ಲಿ ಬೆಳೆದ ಇಲಿ ಹೊಸ ಜಾಗದಲ್ಲಿ ತುಂಬಾ ದಿನ ಬದುಕೋದು ಕಷ್ಟ, ಗೂಬೆ ಇದೆ, ಹಾವಿದೆ, ಬೆಕ್ಕಿದೆ. ಬಿಟ್ಟ ತಕ್ಷಣ ಎಲ್ಲ ಸುಖವಾಯಿತು ಅಂತ ನಾನು ನಂಬೋದಿಲ್ಲ. ಆದರೂ ಪೊದೆಯ ಬುಡದಲ್ಲಿ, ಕತ್ತಲು ಹರಿಯುವ ಮೊದಲು, ಒಂದು ಹಿಡಿ ಕಡಲೆಕಾಯಿಯ ಜೊತೆ ಬಿಟ್ಟರೆ ಅದಕ್ಕೊಂದು ಅವಕಾಶ ಇರುತ್ತೆ. ಬೋನನ್ನು ನೆಲಕ್ಕಿಟ್ಟು ಬಾಗಿಲು ತೆಗೆದು ದೂರ ನಿಂತುಬಿಡಿ, ಅಲ್ಲಾಡಿಸಬೇಡಿ. ಕೆಲವು ಐದು ನಿಮಿಷ ಹೊರಗೇ ಬರಲಿಲ್ಲ.

ಒಂದು ರಾತ್ರಿ ಬಿದ್ದಿದ್ದು ಇಲಿಯೇ ಅಲ್ಲ, ಉದ್ದ ಮೂತಿಯ, ಜೋರು ವಾಸನೆಯ ಮೂಗಿಲಿ. ಅದು ಹೆಚ್ಚಾಗಿ ತಿನ್ನೋದು ಜಿರಳೆ, ಹುಳ, ತುಂಬಾ ಹೊತ್ತು ಹಸಿದಿರೋಕೆ ಅದಕ್ಕೆ ಆಗೋದಿಲ್ಲ. ಅದನ್ನು ಆ ಕ್ಷಣವೇ ಹಿತ್ತಲಿಗೆ ಬಿಟ್ಟೆ.

ಹತ್ತನೇ ರಾತ್ರಿ ಬಿದ್ದಿದ್ದನ್ನು ಟಾರ್ಚ್ ಬೆಳಕಿಗೆ ಎತ್ತಿ ನೋಡಿದರೆ ಹೊಟ್ಟೆಯ ಮೇಲೆ ಮೊಲೆತೊಟ್ಟುಗಳು ಎದ್ದು ಕಾಣುತ್ತಿದ್ದವು, ಸುತ್ತ ಕೂದಲು ಉದುರಿ ಬೋಳಾಗಿತ್ತು. ಹಾಲು ಕೊಡುತ್ತಿರುವ ತಾಯಿ. ಅಂದರೆ ಮರಿಗಳು ಮನೆಯಲ್ಲೇ ಎಲ್ಲೋ ಇವೆ. ಬೆಳಗಿನ ಜಾವ ಎರಡೂಕಾಲಿಗೆ ನಾನು, ನಮ್ಮ ಮನೆಯವರು, ಎದ್ದು ಕೂತ ಅತ್ತೆ, ಮೂರೂ ಜನ ಆ ಚಿಕ್ಕ ಕೋಣೆ ಹುಡುಕಿದೆವು. ಹೊಲಿಗೆ ಯಂತ್ರದ ಎಡಗಡೆ ಡ್ರಾಯರಿನಲ್ಲಿ ಸಿಕ್ಕಿತು. ಬಟ್ಟೆಯ ತುಣುಕು, ಪೇಪರ್ ಚೂರು, ನೂಲು, ಅದರ ಮಧ್ಯೆ ನಮ್ಮ ದೇವರ ದೀಪದ ಬತ್ತಿ, ಎಳೆ ಎಳೆಯಾಗಿ ಬಿಡಿಸಿ ಹಾಸಿತ್ತು. ಅದರ ಮೇಲೆ ಐದು ಮರಿ, ಬೆರಳ ತುದಿಯಷ್ಟು, ಕಣ್ಣು ಬಿಟ್ಟಿಲ್ಲ, ಕೂದಲಿಲ್ಲ, ಹೊಟ್ಟೆಯೊಳಗಿನ ಹಾಲು ಚರ್ಮದ ಈಚೆಗೇ ಬೆಳ್ಳಗೆ ಕಾಣುತ್ತಿತ್ತು. ಅತ್ತೆ ಏನೂ ಮಾತಾಡಲಿಲ್ಲ, ಟಾರ್ಚನ್ನು ಸ್ವಲ್ಪ ಪಕ್ಕಕ್ಕೆ ಹಿಡಿದರು, ಮರಿಗಳ ಮೇಲೆ ಬೆಳಕು ಬೀಳದ ಹಾಗೆ.

ಗ್ಲೌಸ್ ಹಾಕಿಕೊಂಡು ಗೂಡನ್ನು ಹಾಗೆಯೇ ಎತ್ತಿ ಶೂ ಡಬ್ಬಿಗಿಟ್ಟು, ತಾಯಿಯನ್ನೂ ಅದರೊಳಗೇ ಬಿಟ್ಟು, ಬೆಳಿಗ್ಗೆ ಕ್ವಾರಿಯ ಒಂದು ಚಪ್ಪಡಿ ಕೆಳಗೆ ಇಟ್ಟು, ಡಬ್ಬಿಗೆ ತೂತು ಮಾಡಿ ಬಂದೆವು. ಮಾರನೇ ದಿನ ಹೋಗಿ ನೋಡಿದಾಗ ಗೂಡು ಇತ್ತು, ಮರಿ ಇರಲಿಲ್ಲ. ತಾಯಿ ಬೇರೆ ಕಡೆ ಹೊತ್ತುಕೊಂಡು ಹೋಯಿತೋ, ಇನ್ನೇನಾಯಿತೋ. ಈಗಾದರೆ ನಾನು ಹಾಗೆ ಮಾಡಲ್ಲ. ಗಾಬರಿಯಾದ ತಾಯಿ ಮರಿಗಳನ್ನು ಬಿಟ್ಟು ಹೋಗೋದು ಜಾಸ್ತಿ. ತಾಯಿಯನ್ನು ಗೂಡಿನ ಹತ್ತಿರವೇ ಬಿಟ್ಟು, ಮೂರು ವಾರ ಬೋನು ಎತ್ತಿಟ್ಟು, ಮರಿಗಳು ತಾವೇ ತಿನ್ನೋಕೆ ಶುರು ಮಾಡಿದ ಮೇಲೆ ಎಲ್ಲವನ್ನೂ ಹಿಡೀತೀನಿ. ಅಷ್ಟು ದಿನ ಕಾಯೋಕೆ ಆಗುತ್ತಾ ಅಂದರೆ, ತಿನ್ನೋದನ್ನೆಲ್ಲ ಸ್ಟೀಲ್ ಡಬ್ಬಕ್ಕೆ ಹಾಕಿದ್ದರೆ ಆಗುತ್ತೆ. ಮೂರು ವಾರ ದಾಟಿಸಬೇಡಿ, ಆರೇಳು ವಾರಕ್ಕೆ ಆ ಮರಿಗಳೇ ಮರಿ ಹಾಕೋಕೆ ತಯಾರಾಗುತ್ತವೆ.

16 ರಾತ್ರಿಯಲ್ಲಿ ಮರಿ ಬಿಟ್ಟು ಒಟ್ಟು ಆರು ಬೆಳೆದ ಇಲಿ, ಅದರಲ್ಲಿ ಆ ಮೊದಲನೆಯದು ಸತ್ತಿದ್ದು.

ಹಿಡಿಯೋದಕ್ಕಿಂತ ದೊಡ್ಡ ಕೆಲಸ ತೂತು ಮುಚ್ಚೋದು. ಇದನ್ನು ಮಾಡದೆ ಬೋನು ಮಾತ್ರ ಇಡ್ತಾ ಇದ್ದರೆ ವರ್ಷವಿಡೀ ಇಲಿಗಳನ್ನು ಕ್ವಾರಿಗೆ ಸಾಗಿಸೋದೇ ಆಗುತ್ತೆ, ಅದೂ ಆ ಜೀವಗಳಿಗೆ ಹಿಂಸೆಯೇ ಅಲ್ವಾ? ಒಂದು ಪೆನ್ಸಿಲ್ ಹಿಡಿದು ಮನೆ ಸುತ್ತಿದೆ. ಪೆನ್ಸಿಲ್ ತೂರುವ ಸಂದಿಯಲ್ಲೆಲ್ಲ ಮರಿ ಇಲಿ ತೂರುತ್ತೆ ಅಂತ ಲೆಕ್ಕ. ಗ್ಯಾಸ್ ಪೈಪಿನ ತೂತು, ಸಿಂಕಿನ ಕೆಳಗೆ ಪೈಪ್ ಗೋಡೆಗೆ ಹೋಗುವ ಜಾಗ, ಬಚ್ಚಲ ನೀರು ಹೋಗೋ ಕಿಂಡಿ, ಎಲ್ಲಕ್ಕಿಂತ ಮುಖ್ಯ ಹಿಂದಿನ ಬಾಗಿಲ ಕೆಳಗಿನ ಸಂದು. ತೂತುಗಳಿಗೆ ಪಾತ್ರೆ ಉಜ್ಜುವ ಸ್ಟೀಲ್ ಸ್ಕ್ರಬ್ಬರ್ ಬಿಗಿಯಾಗಿ ತುರುಕಿ ಮೇಲೆ ಸಿಮೆಂಟ್ ಮೆತ್ತಿದೆವು. ಬರೀ ಥರ್ಮೋಕೋಲ್, ಬಟ್ಟೆ, ಎಂ-ಸೀಲ್ ಎಲ್ಲ ಸುಮ್ನೆ, ಕಡಿದು ಹಾಕುತ್ತೆ. ಕಿಂಡಿಗೆ ಸಣ್ಣ ಕಣ್ಣಿನ ಜಾಲರಿ, ಬಾಗಿಲಿಗೆ ಅಲ್ಯೂಮಿನಿಯಂ ಪಟ್ಟಿ. ಹಿಂದಿನ ಬಾಗಿಲನ್ನು ಕೊನೆಗೆ ಉಳಿಸಿಕೊಂಡೆ, ಮೂರು ದಿನ ಹಿಟ್ಟಿನ ಮೇಲೆ ಒಂದೂ ಹೆಜ್ಜೆ ಬೀಳದ ಮೇಲೆಯೇ ಅದಕ್ಕೆ ಪಟ್ಟಿ ಹೊಡೆಸಿದ್ದು, ಒಳಗೆ ಯಾವುದೂ ಸಿಕ್ಕಿಕೊಂಡು ಸಾಯಬಾರದು ಅಂತ.

ಹಿಕ್ಕೆ ಇರುವ ಕಡೆ ಒಣ ಪೊರಕೆ ಹಾಕಬೇಡಿ, ಧೂಳು ಮೂಗಿಗೆ ಹೋಗುತ್ತೆ. ಬ್ಲೀಚಿಂಗ್ ಪುಡಿ ಕಲಸಿದ ನೀರು ಚಿಮುಕಿಸಿ, ಹತ್ತು ನಿಮಿಷ ಬಿಟ್ಟು, ಪೇಪರಿನಿಂದ ಒರೆಸಿ ತೆಗೆಯಿರಿ. ಇಲಿ ಜ್ವರ ಬರೋದು ಅದರ ಮೂತ್ರದಿಂದ, ಕೈಯಲ್ಲಿ ಗಾಯ ಇದ್ದರಂತೂ ಗ್ಲೌಸ್ ಇಲ್ಲದೆ ಬೋನು ಮುಟ್ಟಬೇಡಿ.

ಬೋನು ಈಗ ಎದುರು ಮನೆಯಲ್ಲಿದೆ. ಕೊಡುವಾಗ ಜೊತೆಗೆ ಟವಲ್ಲು, ಚಿಂದಿ ಬಟ್ಟೆ ಕೊಟ್ಟು, ಅವರ ಫೋನು ಇಸ್ಕೊಂಡು ರಾತ್ರಿ ಎರಡಕ್ಕೂ ಐದಕ್ಕೂ ನಾನೇ ಅಲಾರಂ ಇಟ್ಟುಕೊಟ್ಟು ಬಂದೆ. ನಮ್ಮ ಹಿಂದಿನ ಬಾಗಿಲ ಪಟ್ಟಿಯ ಒಂದು ಸ್ಕ್ರೂ ಸಡಿಲಾಗಿದೆ, ಭಾನುವಾರ ಬಿಗಿಯಬೇಕು.